ಟಾರ್ಪನ್ ಬೇಟೆಯ ಅಂಬಿಗರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಫ್ಲಾರಿಡಾ ಪ್ರಾಂತ್ಯದ ಪಶ್ಚಿಮ ಕರಾವಳಿಯಲ್ಲಿ ಪುಂಟಾ ರಾಸಾ ಎಂಬ ಸಣ್ಣ ರೇವೊಂದಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಕ್ಯೂಬಾ ದ್ವೀಪಕ್ಕೆ ದನಗಳನ್ನು ಹಡಗಿನ ಮೇಲೆ ಸಾಗಿಸುತ್ತಿದ್ದರು. ೧೮೬೭ ರಲ್ಲಿ ಕೀ ವೆಸ್ಟ್ ಮಾರ್ಗವಾಗಿ ಅದೇ ದ್ವೀಪಕ್ಕೆ ಹಾಕಿದ ಸಮುದ್ರತಂತಿಯೂ ಆ ರೇವನ್ನು ಹಾದುಹೋಯಿತು. ದನಗಾಹಿಗಳಿಗೂ ತಂತಿ ಕಛೇರಿಯವರಿಗೂ ಹೊರತು ಮತ್ತಾರಿಗೂ ಬೇಡವಾಗಿದ್ದ ಆ ಮರಳುದಿಣ್ಣೆಯ ಹೆಸರು ದೂರದ ಪಟ್ಟಣಗಳ ಶ್ರೀಮಂತರ ಬಾಯಲ್ಲಿ ನಿಲ್ಲುವಂತಾದುದು ೧೮೮೫ ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ. ಅದಕ್ಕೆ ಕಾರಣ ಒಂದು ಮೀನು.

ಆ ತಿಂಗಳಲ್ಲಿ ನ್ಯೂಯಾರ್ಕಿನ ಡಬ್ಲ್ಯು. ಎಚ್. ವುಡ್ ಎಂಬ ಗೃಹಸ್ಥನು ಸಮೀಪದ ಸ್ಯಾನಿಬೆಲ್ ದ್ವೀಪದ ಬಳಿ, ಗಾಳದ ಕೋಲು, ಹುರಿ, ಹುರಿ ಸುತ್ತುವ ರಾಟೆ ಇವಿಷ್ಟರ ಬಲದಿಂದಲೇ ೯೩ ರಾತ್ತಲು ತೂಕದ ಟಾರ್ಪನ್ ಮೀನೊಂದನ್ನು ಹಿಡಿದನು. ಈ ಮೀನನ್ನು ಈಟಿಯಿಂದ ಇರಿದು ಹಿಡಿಯುವುದು ಮೊದಲಿನಿಂದಲೂ ಇದ್ದಿತು; ಕೋಲಿನಿಂದ ಹಿಡಿಯುವುದು ಆಗದ ಮಾತೆಂದೇ ಬಹುಮಂದಿಯ ನಂಬಿಕೆ. ವುಡ್ಡನಿಗಿಂತ ಮೊದಲೇ ಹಿಡಿದವರುಂಟೆಂಬ ವಾದ ಆಮೇಲೆ ಹುಟ್ಟದಿರಲಿಲ್ಲ. ಅದು ಹೇಗೆಯೇ ಇರಲಿ, ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಎಂಬ ಬೇಟೆಯ ಪತ್ರಿಕೆಯಲ್ಲಿ ಸುದ್ದಿ ಪ್ರಕಟವಾದ ಮೇಲೆ ಕೀರ್ತಿಯು ವುಡ್ಡನ ಹೆಸರಿಗೇ ಸಂದಿತು. ಆ ದೋಣಿಯಲ್ಲಿ ಇನ್ನೊಬ್ಬನಿದ್ದನು: ಜಾನ್ ಸ್ಮಿತ್ ಎಂಬ ಅಂಬಿಗ. ಟಾರ್ಪನ್ ಬೇಟೆಯ ಚರಿತ್ರೆಯನ್ನು ಬರೆಯುವವರು ವುಡ್ಡನನ್ನು ಮರೆಯುವುದಿಲ್ಲ. ಸ್ಮಿತ್ತನಿಗೆ ಅರ್ಧ ಪಂಕ್ತಿ ದೊರೆತರೆ ಅದೇ ಹೆಚ್ಚು.

ಮೀನಾದರೂ ಎಂತಹದು? ಅದರ ಮೈಯನ್ನು ಮುಚ್ಚಿರುವ ಹುರುಪೆಗಳು ಬೆಳ್ಳಿಯ ತಗಡಿನಂತೆ ಹೊಳೆಯುವುವು. ದೊಡ್ಡ ಮೀನಿನ ಒಂದೊಂದು ಹುರುಪೆಯೂ ಅಂಗೈಯಗಲವಿರುವುದು. ಕಿವಿರುಗಳಿಂದ ಉಸಿರಾಡುವುದಲ್ಲದೆ, ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ, ಹೊಟ್ಟೆಯೊಳಗಿನ ಗಾಳಿಚೀಲದಿಂದಲೂ ಉಸಿರಾಡಬಲ್ಲುದು. ಬಾಯಿ ಎಲುಬಿನ ಹಲಗೆಯಂತೆ ಗಟ್ಟಿ. ಗಾಳ ನಾಟುವುದು ಕಷ್ಟ, ನಾಟಿದರೆ ಮೀನು ತನ್ನ ಉದ್ದಕ್ಕಿಂತ ಎತ್ತರಕ್ಕೆ ನೀರಿನಿಂದ ಹಾರಿ ತಲೆಯನ್ನು ಒದರಿ ಅದನ್ನು ಕಿತ್ತೆಸೆಯುತ್ತದೆ. ಮಾಂಸವೋ ಮುಳ್ಳಿನ ಗೂಡು. ಬೇರೆ ಕೆಲವು ದೇಶಗಳಲ್ಲಿ ತಿನ್ನುವರಾದರೂ ಫ್ಲಾರಿಡಾದಲ್ಲಿ ತಿನ್ನುವವರು ಅಪರೂಪ. (ಇದೇ ಕುಲದ ಚಿಕ್ಕ ಜಾತಿಯೊಂದು ಭರತಖಂಡದ ಕರಾವಳಿಯಲ್ಲಿಯೂ ಉಂಟು.) ಹೀಗೆ ಉಣ್ಣಲು ಬಾರದ ಮೀನಿಗೆ, ಅದು ಹಾರುತ್ತದೆಂಬ ಒಂದೇ ಗುಣಕ್ಕಾಗಿ, ಬೆಲೆ ಬಂದಿತು. ಆ ಬೆಲೆಯನ್ನು ಮೊದಲು ಕಂಡುಕೊಂಡವರು ದೋಣಿಯುಳ್ಳ ಬಡವರು.

ಪುಂಟಾ ರಾಸಾದಲ್ಲಿ ತಂತಿ ಕಛೇರಿಯನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ಷುಲ್ಟ್ಸನು ಹಳೆಯ ಸೈನ್ಯದ ಕಟ್ಟಡವೊಂದರಲ್ಲಿ ದನದ ವ್ಯಾಪಾರಿಗಳಿಗೆ ಊಟ ವಸತಿ ಒದಗಿಸುತ್ತಿದ್ದನು. ಅದೇ ಮುಂದೆ ‘ಟಾರ್ಪನ್ ಹೌಸ್’ ಎಂಬ ಹೆಸರಿನ ವಸತಿಗೃಹವಾಯಿತು. ೧೯೦೬ ರಲ್ಲಿ ಅದು ಬೆಂಕಿಗೆ ಆಹುತಿಯಾಗುವವರೆಗೂ ಉತ್ತರದ ಪಟ್ಟಣಗಳ ಧನಿಕರು ಅಲ್ಲಿಗೆ ಬಂದು ತಂಗುತ್ತಿದ್ದರು. ದೋಣಿಯನ್ನೂ ಅಂಬಿಗನನ್ನೂ ದಿನದ ಲೆಕ್ಕದ ಮೇಲೆ ಬಾಡಿಗೆಗೆ ಹಿಡಿಯುವ ಪದ್ಧತಿ ಆ ಕರಾವಳಿಯಲ್ಲಿ ಬೇರೂರಿದುದು ಹೀಗೆ. ಚಳಿಗಾಲದಲ್ಲಿ ಮಲೆಟ್ ಎಂಬ ಮೀನಿಗೆ ಬಲೆ ಬೀಸಿ ಹೊಟ್ಟೆ ಹೊರೆಯುತ್ತಿದ್ದ ದ್ವೀಪವಾಸಿಗಳು ವಸಂತ ಬಂದೊಡನೆ ಟಾರ್ಪನ್ ಬೇಟೆಯ ಅಂಬಿಗರಾಗುತ್ತಿದ್ದರು. ಬಂದ ದೊರೆಗಳು ಅವರನ್ನು ‘ಕ್ಯಾಪ್ಟನ್’ ಎಂದು ಗೌರವದಿಂದಲೇ ಕರೆಯುತ್ತಿದ್ದರು.

ಆ ಕ್ಯಾಪ್ಟನ್ನನ ದಿನಚರಿಯನ್ನು ಸ್ವಲ್ಪ ಗಮನಿಸಬೇಕು. ಎರೆಗೆ ಬೇಕಾದ ಮಲೆಟ್ಟನ್ನು ಬೀಸುಬಲೆಯಿಂದ ಹಿಡಿಯುವವನು ಅವನು. ಉಬ್ಬರ ಯಾವಾಗ ತಿರುಗುವುದು, ಅಳಿವೆಯ ಯಾವ ಮಗ್ಗುಲಲ್ಲಿ ಮೀನು ನಿಲ್ಲುವುದು ಎಂಬುದನ್ನು ಬಲ್ಲವನು ಅವನು. ದೋಣಿಯನ್ನು ಅಲ್ಲಿಗೆ ಒಯ್ದು ಲಂಗರು ಹಾಕುವನು. ವುಡ್ಡನ ಕ್ರಮದಂತೆ, ಎರೆ ತಳದಲ್ಲಿ ಬಿದ್ದಿರುವುದು; ಹುರಿಯನ್ನು ಸಡಿಲವಾಗಿ ಸುರುಳಿ ಮಾಡಿ ಇಟ್ಟಿರುವರು; ಮೀನು ಎರೆಯನ್ನು ಗಂಟಲೊಳಕ್ಕೆ ನುಂಗುವವರೆಗೂ ತಾಳ್ಮೆಯಿಂದ ಕಾಯಬೇಕು, ಏಕೆಂದರೆ ಗಾಳ ಹಿಡಿಯುವಷ್ಟು ಮೆತ್ತಗಿರುವುದು ಗಂಟಲು ಮಾತ್ರ. ಮೀನು ಓಡತೊಡಗಿದೊಡನೆ ಅಂಬಿಗನು ಲಂಗರನ್ನು ಕಳಚಿ ಹುಟ್ಟು ಹಾಕುತ್ತ ಅದರ ಬೆನ್ನು ಹತ್ತುವನು. ಗಂಟೆಗಟ್ಟಲೆ ಈ ಓಟ ನಡೆಯುವುದುಂಟು. ಕಡೆಗೆ ದಣಿದ ಮೀನನ್ನು ಕೊಕ್ಕೆಯಿಂದ ಸೆಳೆದುಕೊಳ್ಳುವವನೂ ಅವನೇ. ಅಷ್ಟರಲ್ಲಿ ಸುತ್ತಿಗೆತಲೆಯ ಶಾರ್ಕು ಬಂದು ಅರ್ಧ ಮೀನನ್ನು ಕಚ್ಚಿಕೊಂಡು ಹೋಗದಿದ್ದರೆ.

ಕೋಲು ಹಿಡಿದವನ ಶ್ರಮವೂ ಕಡಿಮೆಯದಾಗಿರಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆ ಕಾಲದ ರಾಟೆಯ ಹಿಡಿಯು ಸುರುಳಿಗೇ ಅಂಟಿಕೊಂಡಿದ್ದುದರಿಂದ ಮೀನು ಓಡಿದಾಗ ಹಿಡಿಯೂ ಹಿಂದಕ್ಕೆ ಗಿರ್ರನೆ ತಿರುಗಿ ಬೆರಳ ಗೆಣ್ಣುಗಳನ್ನು ಜಜ್ಜುತ್ತಿದ್ದಿತು. ತೊಗಲಿನ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಹುರಿಯನ್ನು ತಡೆಯುವುದೊಂದೇ ಉಪಾಯ. ಹಿಡಿ ತಿರುಗದೆ ಸುರುಳಿ ಮಾತ್ರ ಬಿಗಿಯಾಗಿ ಬಿಚ್ಚಿಕೊಳ್ಳುವ ರಾಟೆ ಪ್ರಚಾರಕ್ಕೆ ಬಂದುದು ೧೯೧೩ ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ಕ್ಯಾಟಲೀನ ದ್ವೀಪದ ಬೇಟೆಗಾರರ ಮೂಲಕ. ಅಲ್ಲಿ ೧೮೯೮ ರಲ್ಲಿಯೇ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರನು ೧೮೩ ರಾತ್ತಲಿನ ಟ್ಯೂನಾ ಮೀನನ್ನು ಹಿಡಿದು ‘ಟ್ಯೂನಾ ಕ್ಲಬ್’ ಸಂಘವನ್ನು ಸ್ಥಾಪಿಸಿದ್ದನು. ಇನ್ನು ಕೋಲಿನ ಮಾತು: ಆ ಶತಮಾನದಲ್ಲಿ ಅಮೆರಿಕಾದ ಕುಶಲಕರ್ಮಿಗಳು ಸೀಳಿ ಅಂಟಿಸಿ ಕೋಲು ಮಾಡುತ್ತಿದ್ದುದು ಬಹುಮಟ್ಟಿಗೆ ಕಲ್ಕತ್ತೆಯ ರೇವಿನಿಂದ ಹೋದ ಬಿದಿರಿನಿಂದ, ಚೀನಾದ ಬಿದಿರು ಅದರ ಸ್ಥಾನವನ್ನು ಆಕ್ರಮಿಸಿದುದು ಆಮೇಲೆ.

ಕನ್ನಡಿಗರಿಗೆ ಈ ವಿನೋದ ತೀರ ಅಪರಿಚಿತವೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸನು ಮಹಸೀರ್ ಮೊದಲಾದ ಹೊಳೆಮೀನುಗಳ ಬೇಟೆಯನ್ನು ಕುರಿತ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ವುಡ್ಡನ ಮೀನಿಗೆ ಹನ್ನೆರಡು ವರ್ಷ ಮೊದಲೇ, ೧೮೭೩ ರಲ್ಲಿ, ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದನು. ೧೮೯೫ ರ ಒಂದು ಕಥೆಯಲ್ಲಿ ಕಿಪ್ಲಿಂಗನು ಮಹಸೀರಿನ ಮುಂದೆ ಟಾರ್ಪನ್ನು ಏನೂ ಅಲ್ಲವೆಂದು ಹಗುರವಾಗಿ ಆಡಿದ್ದಾನೆ. ಫ್ಲಾರಿಡಾದ ಅಂಬಿಗರು ಅದನ್ನು ಓದಿದ್ದರೆ ನಕ್ಕುಬಿಡುತ್ತಿದ್ದರೇನೋ!

೧೯೩೯ ರಲ್ಲಿ ನ್ಯೂಯಾರ್ಕಿನಲ್ಲಿ ಸಮುದ್ರಬೇಟೆಯ ಅಂತರರಾಷ್ಟ್ರೀಯ ಸಂಘ ಏರ್ಪಟ್ಟು, ದಾಖಲೆಗಳಿಗೆ ಕಟ್ಟಳೆಗಳನ್ನು ಗೊತ್ತುಪಡಿಸಿತು. ಅವುಗಳ ಪ್ರಕಾರ ಮೀನು ಗಾಳಕ್ಕೆ ಬಿದ್ದ ಮೇಲೆ ಹಿಡಿದವನ ಹೊರತು ಮತ್ತಾರೂ ಕೋಲನ್ನು ಮುಟ್ಟಕೂಡದು. ಮುಟ್ಟಿದರೆ ದಾಖಲೆ ಸಲ್ಲದು. ಅಂಬಿಗನು ದೋಣಿ ನಡಸಬಹುದು, ಹುರಿಯ ತುದಿಯನ್ನು ಹಿಡಿಯಬಹುದು, ಕೊಕ್ಕೆ ಹಾಕಬಹುದು. ಕೋಲು ಮಾತ್ರ ಅವನಿಗೆ ಮೈಲಿಗೆ. ಆಟದ ದೃಷ್ಟಿಯಿಂದ ಈ ನಿಯಮ ಸರಿಯೆ. ಆದರೆ ಬೇಟೆಯ ಮುಕ್ಕಾಲು ವಿದ್ಯೆಯು ದಾಖಲೆಯ ಹೊರಗೆ ಉಳಿಯುವುದೂ ಇದರಿಂದಲೇ.

ಟೆಕ್ಸಾಸ್ ಪ್ರಾಂತ್ಯದ ಪೋರ್ಟ್ ಅರಾನ್ಸಸ್ ಎಂಬ ಊರಿನ ‘ಟಾರ್ಪನ್ ಇನ್’ ಎಂಬ ವಸತಿಗೃಹದ ಗೋಡೆಗಳಲ್ಲಿ ಹಿಡಿದವರ ಹೆಸರು, ದಿನ, ಮೀನಿನ ಅಳತೆಗಳನ್ನು ಬರೆದ ಹುರುಪೆಗಳು ಸಾವಿರಾರು ಉಂಟು. ಅಧ್ಯಕ್ಷ ರೂಸ್‌ವೆಲ್ಟನು ೧೯೩೭ ರ ಮೇ ತಿಂಗಳಲ್ಲಿ ಅಲ್ಲಿಯ ಫಾರ್ಲಿ ಮನೆತನದ ಅಂಬಿಗರೊಂದಿಗೆ ಹೋಗಿ ಹಿಡಿದ ಮೀನಿನ ಹುರುಪೆಯೂ ಅವನ ಹಸ್ತಾಕ್ಷರದೊಡನೆ ಇದೆ. ಒಂದೊಂದು ಹುರುಪೆಯ ಹಿಂದೆಯೂ ಒಂದೊಂದು ಮೀನು. ಚಿತ್ರ ತೆಗೆದ ಮೇಲೆ ಅವುಗಳಲ್ಲಿ ಎಷ್ಟೋ ವ್ಯರ್ಥವಾಗಿ ಕೊಳೆತವು. ಟಾರ್ಪನ್ ನಿಧಾನವಾಗಿ ಬೆಳೆಯುವ ಪ್ರಾಣಿ; ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಹತ್ತು ವರ್ಷದಷ್ಟು ಬೇಕು. ೧೯೩೫ ರಲ್ಲಿ ಷಿಕಾಗೋ ನಗರದ ಷೆಡ್ ಮತ್ಸ್ಯಾಲಯಕ್ಕೆ ತಂದ ಮೀನೊಂದು ೧೯೯೮ ರವರೆಗೂ ಬದುಕಿತ್ತು. ಇಂತಹ ಮೀನಿನ ಸಂತತಿಯು ಕೊಲೆಯನ್ನು ಬೇಗ ತುಂಬಿಕೊಡಲಾರದು. ಹೊಳೆಗಳಿಗೆ ಅಣೆಕಟ್ಟು ಬಿದ್ದು ಅಳಿವೆಗಳಿಗೆ ಸಿಹಿನೀರು ಕಡಿಮೆಯಾದುದೂ ಸೇರಿ, ೧೯೬೦ ರ ದಶಕದ ವೇಳೆಗೆ ಟೆಕ್ಸಾಸ್ ತೀರದಲ್ಲಿ ಟಾರ್ಪನ್ ಬಹಳ ವಿರಳವಾಯಿತು. ಮೀನೇ ಬಾರದ ಮೇಲೆ ಅಂಬಿಗರಿಗೆ ಕೆಲಸವೆಲ್ಲಿಯದು?

ಫ್ಲಾರಿಡಾದಲ್ಲಿ ಹಾಗಾಗಲಿಲ್ಲ. ೧೯೮೯ ರಿಂದ ಟಾರ್ಪನ್ ಕೊಲ್ಲಬೇಕೆನ್ನುವವನು ೫೦ ಡಾಲರು ತೆತ್ತು ಚೀಟಿ ಪಡೆಯಬೇಕೆಂಬ ಕಾನೂನು ಬಂದಿತು. ೨೦೧೩ ರಲ್ಲಿ ದಾಖಲೆಯ ಪ್ರಯತ್ನಕ್ಕಲ್ಲದೆ ಬೇರೆ ಕಾರಣಕ್ಕೆ ಕೊಲ್ಲುವುದೇ ನಿಂತಿತು. ೪೦ ಅಂಗುಲಕ್ಕಿಂತ ಉದ್ದದ ಮೀನನ್ನು ನೀರಿನಿಂದ ಎತ್ತುವುದೂ ನಿಷಿದ್ಧವಾಯಿತು. ಅದೇ ವರ್ಷ, ಬಹುಕಾಲದಿಂದ ಟಾರ್ಪನ್ನಿಗೆ ಪ್ರಸಿದ್ಧವಾದ ಬೋಕಾ ಗ್ರ್ಯಾಂಡ್ ಅಳಿವೆಯಲ್ಲಿ, ಗಾಳದ ಕೆಳಗೆ ಭಾರ ಕಟ್ಟಿ ಬಿಡುವ ಉಪಕರಣವನ್ನೂ ನಿಷೇಧಿಸಿದರು. ಅದು ಮೀನಿನ ಬಾಯಿಗೆ ಸಿಕ್ಕುವುದಕ್ಕೆ ಬದಲು ಮೈಗೆ ಚುಚ್ಚಿಕೊಳ್ಳುತ್ತದೆಂದು ಹಳೆಯ ಪದ್ಧತಿಯ ಅಂಬಿಗರು ವರ್ಷಗಟ್ಟಲೆ ದೂರುತ್ತಿದ್ದರು. ಪಂದ್ಯಗಳನ್ನು ನಡಸುತ್ತಿದ್ದವರು ಅದನ್ನು ಒಪ್ಪಿರಲಿಲ್ಲ.

ಈ ಶತಮಾನದ ಮೊದಲ ದಶಕದಿಂದ ೨೦೧೪ ರವರೆಗೆ ಅಲ್ಲಿಯ ವಿಜ್ಞಾನಿಗಳು ಅಂಬಿಗರಿಗೂ ಬೇಟೆಗಾರರಿಗೂ ಒರಟು ಅರಿವೆಯ ತುಂಡನ್ನೂ ಸಣ್ಣ ಕುಪ್ಪಿಯನ್ನೂ ಹಂಚಿದ್ದರು. ದೋಣಿಯ ಮಗ್ಗುಲಿಗೆ ಬಂದ ಮೀನಿನ ದವಡೆಯನ್ನು ಆ ತುಂಡಿನಿಂದ ಒಮ್ಮೆ ಉಜ್ಜಿ, ಕುಪ್ಪಿಯೊಳಗಿಟ್ಟು, ಮೀನನ್ನು ಬಿಟ್ಟುಬಿಡುವುದು. ಅಂಟಿಕೊಂಡ ಚರ್ಮದ ಕಣಗಳಿಂದ, ಅದೇ ಮೀನು ಮತ್ತೊಮ್ಮೆ ಮತ್ತೊಂದು ದೋಣಿಗೆ ಸಿಕ್ಕಿದರೆ ಗುರುತಿಸಬಹುದಾಗಿತ್ತು. ಹಾಗೆ ಸಿಕ್ಕ ಮೀನುಗಳೂ ಉಂಟು.