ಯಾತ್ರಿಕ ಛಾಯಾಚಿತ್ರಕಾರನೂ ಕನ್ನಡ ನಾಡಿನ ಇತಿಹಾಸಸಾಮಗ್ರಿಯೂ

ಇತಿಹಾಸರಚನೆಗೆ ಆಧಾರಗಳು ಯಾವುವೆಂದು ಕೇಳಿದರೆ, ಶಾಸನ, ನಾಣ್ಯ, ಕಾವ್ಯ, ಕೈಫಿಯತ್ತು, ವಿದೇಶೀಯರ ಪ್ರವಾಸಕಥನ ಎಂದು ನಮ್ಮ ವಿದ್ವಾಂಸರು ಒಡನೆಯೇ ಎಣಿಸಿ ಹೇಳುವರು. ಈ ಎಣಿಕೆಯಲ್ಲಿ ಛಾಯಾಚಿತ್ರಕ್ಕೆ ಸ್ಥಾನ ದೊರೆಯುವುದು ವಿರಳ. ದೊರೆತರೂ ಅದು ಗ್ರಂಥಕ್ಕೆ ಒಂದು ಒಡವೆಯಾಗಿ ನಿಲ್ಲುವುದೇ ಹೊರತು ಪ್ರಮಾಣವಾಗಿ ನಿಲ್ಲುವುದಿಲ್ಲ. ಕನ್ನಡ ನಾಡಿನ ದೇವಾಲಯಗಳನ್ನು ಕ್ಯಾಮರಾದ ಮೂಲಕ ಗ್ರಹಿಸುವ ಕಾರ್ಯವಾದರೋ 1854ನೆಯ ಇಸವಿಯಷ್ಟು ಹಿಂದೆಯೇ ನಡೆದಿತ್ತು. ನಮ್ಮ ಶಾಸನಶಾಸ್ತ್ರವು ತನ್ನ ಮೊದಲ ಹೆಜ್ಜೆಗಳನ್ನು ಇಟ್ಟದ್ದೂ ಬಹುಮಟ್ಟಿಗೆ ಛಾಯಾಚಿತ್ರಗಳ ಆಸರೆಯಿಂದಲೇ. ಆದ್ದರಿಂದ ಓಲೆಯ ಪ್ರತಿಯನ್ನೋ ಶಿಲಾಲೇಖವನ್ನೋ ಯಾವ ಕ್ರಮದಿಂದ ಪರೀಕ್ಷಿಸುತ್ತೇವೆಯೋ ಅದೇ ಕ್ರಮದಿಂದ ಹಳೆಯ ಛಾಯಾಚಿತ್ರವನ್ನೂ ಪರೀಕ್ಷಿಸಬೇಕೆಂಬುದು ಈ ಲೇಖನದ ಪ್ರತಿಪಾದ್ಯ. ಇದಕ್ಕೆ ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡು ದೇಶಾಂತರಗಳಲ್ಲಿ ಸಂಚರಿಸಿದ ಒಬ್ಬ ಛಾಯಾಚಿತ್ರಕಾರನ ವೃತ್ತಾಂತವನ್ನು ಮೊದಲು ನೋಡೋಣ.

ಲಿನೀಯಸ್ ಟ್ರೈಪ್ ಎಂಬಾತನು 1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಹುಟ್ಟಿದನು. ಎಳೆಯ ವಯಸ್ಸಿನಲ್ಲಿಯೇ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯವನ್ನು ಸೇರಿ, ಮದರಾಸು ದೇಶೀ ಪದಾತಿದಳದ 12ನೆಯ ರೆಜಿಮೆಂಟಿನಲ್ಲಿ ಸೇವೆ ಸಲ್ಲಿಸಿದನು. 1850ರ ಬಳಿಕ ರಜೆಯ ಮೇಲೆ ಸ್ವದೇಶದಲ್ಲಿದ್ದಾಗ ಅವನು ಅಂದಿಗೆ ಹೊಸದಾಗಿದ್ದ ಛಾಯಾಚಿತ್ರಣವಿದ್ಯೆಯನ್ನು ಕಲಿತು, 1853ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಛಾಯಾಚಿತ್ರ ಸಂಘಕ್ಕೆ ಸದಸ್ಯನಾದನು. 1854ರಲ್ಲಿ ಬೆಂಗಳೂರಿನ ದಂಡಿಗೆ ಮರಳಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಡಾಕ್ಟರ್ ನೀಲ್ ಎಂಬ ಸೈನ್ಯದ ವೈದ್ಯನೊಡನೆ ಬೇಲೂರು ಹಳೇಬೀಡುಗಳಿಗೆ ಹೋಗಿ ಹೊಯ್ಸಳ ದೇವಾಲಯಗಳ ಚಿತ್ರಗಳನ್ನು ತೆಗೆದನು. 1855ರಲ್ಲಿ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನು ಇಟ್ಟ 68 ಚಿತ್ರಗಳು ಪರೀಕ್ಷಕರ ಪ್ರಶಂಸೆಗೆ ಪಾತ್ರವಾದುವು. ಹೀಗೆ ಟ್ರೈಪನು ಭಾರತದಲ್ಲಿ ಗಳಿಸಿದ ಮೊದಲ ಕೀರ್ತಿಯು ಹೊಯ್ಸಳ ಶಿಲ್ಪಿಗಳ ಕೃತಿಗಳನ್ನು ಅವಲಂಬಿಸಿದ್ದೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಈ ಕೀರ್ತಿಯೇ ಅವನನ್ನು ಬರ್ಮಾಕ್ಕೆ ಕೊಂಡೊಯ್ದಿತು. 1852ರ ಯುದ್ಧದಲ್ಲಿ ಪೆಗು ಪ್ರಾಂತವು ಆಂಗ್ಲರ ವಶವಾಗಿತ್ತು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯು ಬರ್ಮಾದ ದೊರೆ ಮಿಂಡಾನನ ಬಳಿಗೆ ಆರ್ಥರ್ ಫೇರನ ನೇತೃತ್ವದಲ್ಲಿ ಒಂದು ನಿಯೋಗವನ್ನು ಕಳುಹಿಸಿದನು. ಅದರ ಕಾರ್ಯದರ್ಶಿ ಹೆನ್ರಿ ಯೂಲನು ವೃತ್ತಾಂತವನ್ನು ಬರೆಯಬೇಕು, ಕೋಲ್ಸ್‌ವರ್ದಿ ಗ್ರಾಂಟನು ವರ್ಣಚಿತ್ರಗಳನ್ನು ರಚಿಸಬೇಕು, ಟ್ರೈಪನು ಛಾಯಾಚಿತ್ರಗಳನ್ನು ತೆಗೆಯಬೇಕು ಎಂದು ಕಾರ್ಯವಿಭಾಗವಾಯಿತು. ನಿಯೋಗವು ಐರಾವತಿ ನದಿಯಲ್ಲಿ ಮೇಲಕ್ಕೆ ಸಾಗಿ, ಪಗಾನಿನ ಪಾಳುಬಿದ್ದ ದೇಗುಲಗಳನ್ನು ಕಂಡು, ರಾಜಧಾನಿಯಾಗಿದ್ದ ಅಮರಪುರವನ್ನು ಮುಟ್ಟಿತು. ಮಳೆಗಾಲದ ಮೋಡ, ಅನಾರೋಗ್ಯ, ಅಲ್ಪವಾದ ಕಾಲಾವಕಾಶ ಇವುಗಳ ನಡುವೆಯೂ ಟ್ರೈಪನು ಇನ್ನೂರಕ್ಕೂ ಹೆಚ್ಚು ನೆಗೆಟಿವುಗಳನ್ನು ಸಿದ್ಧಗೊಳಿಸಿದನು.

ಅಂದಿನ ವಿಧಾನವು ಎಷ್ಟು ಶ್ರಮದಾಯಕವಾಗಿತ್ತೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಟ್ರೈಪನು ಬಳಸಿದ್ದು ಕಾಗದದ ನೆಗೆಟಿವು. ಬೆಳ್ಳಿಯ ಲವಣಗಳನ್ನು ಹೀರಿದ ಕಾಗದವನ್ನು ದೊಡ್ಡ ಮರದ ಪೆಟ್ಟಿಗೆಯಂತಿದ್ದ ಕ್ಯಾಮರಾದಲ್ಲಿ ಇಟ್ಟು, ದೀರ್ಘಕಾಲ ಬೆಳಕಿಗೆ ಒಡ್ಡಿ, ಬಳಿಕ ಕತ್ತಲೆಯ ಡೇರೆಯಲ್ಲಿ ರಸಾಯನಗಳಿಂದ ತೊಳೆದು ಚಿತ್ರವನ್ನು ಹೊರತರಬೇಕಾಗಿತ್ತು. ನೀರು ಕಲಕಿದ್ದರೆ ಕಾಗದದಲ್ಲಿ ಕಲೆ ಮೂಡುವುದು. ಸೆಕೆ ಹೆಚ್ಚಾದರೆ ಲೇಪವು ಕೆಡುವುದು. ಚಲಿಸುವ ಮನುಷ್ಯರೂ ಪ್ರಾಣಿಗಳೂ ಚಿತ್ರದಲ್ಲಿ ನಿಲ್ಲುತ್ತಿರಲಿಲ್ಲ. ಟ್ರೈಪನ ಚಿತ್ರಗಳಲ್ಲಿ ಬೀದಿಗಳು ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಅದನ್ನು ಕಂಡು ಅಮರಪುರವು ಜನಶೂನ್ಯವಾಗಿತ್ತೆಂದು ಯಾರಾದರೂ ಬರೆದರೆ ಅದು ದೊಡ್ಡ ಪ್ರಮಾದವಾದೀತು.

ನೆಗೆಟಿವುಗಳೊಡನೆ ಟ್ರೈಪನು ಬೆಂಗಳೂರಿಗೆ ಹಿಂದಿರುಗಿದನು. ಆರಿಸಿದ 120 ಚಿತ್ರಗಳ 50 ಸಂಪುಟಗಳನ್ನು ಸರಕಾರಕ್ಕಾಗಿ ಸಿದ್ಧಪಡಿಸುವ ಕೆಲಸವು ಇಲ್ಲಿಯೇ ನಡೆದು 1857ರ ಆರಂಭಕ್ಕೆ ಮುಗಿಯಿತು. ಲೆಕ್ಕ ಹಾಕಿದರೆ 6000 ಪ್ರತಿಗಳಾದುವು. ಒಂದೊಂದನ್ನೂ ಬಿಸಿಲಿಗೆ ಒಡ್ಡಿ, ತೊಳೆದು, ಒಣಗಿಸಿ, ರಟ್ಟಿಗೆ ಅಂಟಿಸಬೇಕಾಗಿತ್ತು. ಬೆಂಗಳೂರಿನ ತಂಪು ಹವೆಯು ಈ ಕಾರ್ಯಕ್ಕೆ ಅನುಕೂಲವಾಯಿತೆಂದು ಊಹಿಸುವುದು ಅಸಂಗತವಲ್ಲ. ಹೊರಲೋಕಕ್ಕೆ ಬರ್ಮಾದ ರಾಜಧಾನಿಯ ರೂಪವನ್ನು ಮೊತ್ತಮೊದಲಿಗೆ ಛಾಯಾಚಿತ್ರಗಳ ಮೂಲಕ ತೋರಿಸಿದ ಸಂಪುಟಗಳು ಹೀಗೆ ನಮ್ಮ ಊರಿನ ಬಿಸಿಲಿನಲ್ಲಿ ಮೂಡಿದುವು. ಪ್ರತಿಗಳನ್ನು ಬಿಸಿಲಿಗಿಟ್ಟ, ನೀರು ಹೊತ್ತ, ಕಾಗದ ಒಣಗಿಸಿದ ಕೈಗಳು ಯಾರವೆಂಬುದನ್ನು ಮಾತ್ರ ಆ ಸಂಪುಟಗಳು ಹೇಳುವುದಿಲ್ಲ. ಶಾಸನದಲ್ಲಿ ಬರೆಯಿಸಿದವನ ಹೆಸರಿನ ಜತೆಗೆ ಕಂಡರಿಸಿದ ರೂವಾರಿಯ ಹೆಸರೂ ಎಷ್ಟೋ ಕಡೆ ಉಳಿದಿದೆ. ಇಲ್ಲಿ ಆ ಭಾಗ್ಯವಿಲ್ಲ.

ಈ ಚಿತ್ರಗಳ ಬೆಲೆ ಬಹುಬೇಗ ಹೆಚ್ಚಿತು. ಮಿಂಡಾನ್ ದೊರೆಯು 1857ರಲ್ಲಿ ಮಂಡಾಲೆ ಎಂಬ ಹೊಸ ರಾಜಧಾನಿಗೆ ಅಡಿಗಲ್ಲನ್ನು ಹಾಕಿಸಿದನು. ಅಮರಪುರದ ಮರದ ಅರಮನೆಯ ಭಾಗಗಳನ್ನು ಬಿಚ್ಚಿ ಅಲ್ಲಿಗೆ ಸಾಗಿಸಿದರು. ಹಳೆಯ ನಗರವು ಕಳೆಗುಂದಿತು. ಟ್ರೈಪನು ಕಂಡ ಅಮರಪುರವು ಎರಡು ಮೂರು ವರ್ಷಗಳೊಳಗಾಗಿ ಅವನ ಕಾಗದಗಳಲ್ಲಿ ಮಾತ್ರ ಉಳಿಯಿತು. ಆ ಸಂಪುಟಗಳನ್ನು ಮಾಡಿಸಿದವರ ಉದ್ದೇಶ ನೆರೆರಾಜ್ಯದ ಪರಿಚಯವನ್ನು ಪಡೆಯುವ ರಾಜಕಾರಣವಾಗಿತ್ತು. ಆದರೆ ಉದ್ದೇಶವು ಕಾಲಕ್ರಮದಲ್ಲಿ ಸವೆದುಹೋಯಿತು, ಸಾಕ್ಷ್ಯವು ಉಳಿಯಿತು. ದಾನಶಾಸನವನ್ನು ಬರೆಯಿಸಿದ ಅರಸನು ಪುಣ್ಯವನ್ನು ಬಯಸಿದನು. ನಾವಾದರೋ ಅದರಿಂದ ತೆರಿಗೆಗಳ ಹೆಸರುಗಳನ್ನೂ ಅಂದಿನ ಆಡುನುಡಿಯನ್ನೂ ಅರಿಯುತ್ತೇವೆ. ಇದೂ ಅಂಥದೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಂದಿನ ಲೇಪಗಳು ನೀಲಿ ಬಣ್ಣದ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಚಿತ್ರಗಳಲ್ಲಿ ಆಕಾಶವು ಬರಿಯ ಬಿಳುಪಾಗಿ ಕಾಣುತ್ತಿತ್ತು. ಈ ನ್ಯೂನತೆಯನ್ನು ಸರಿಪಡಿಸಲು ಟ್ರೈಪನು ಕೆಲವು ನೆಗೆಟಿವುಗಳ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಬರೆಯುತ್ತಿದ್ದನು. ಗಿಡಮರಗಳ ಎಲೆಗಳನ್ನೂ ತಿದ್ದುತ್ತಿದ್ದನು. ಅಂದರೆ ಚಿತ್ರದಲ್ಲಿ ಕಾಣುವ ಮೋಡವು ಅಂದು ಆ ಊರಿನ ಮೇಲೆ ಇದ್ದ ಮೋಡವಲ್ಲ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಇದರ ಅರ್ಥವು ಕೂಡಲೇ ಹೊಳೆಯುವುದು. ಲಿಪಿಕಾರನು ತನ್ನ ರುಚಿಗೆ ತಕ್ಕಂತೆ ಸೇರಿಸಿದ ಪದ್ಯವನ್ನು ಪ್ರಕ್ಷಿಪ್ತವೆಂದು ನಾವು ಬೇರ್ಪಡಿಸುತ್ತೇವೆ. ಹಾಗೆಂದು ಇಡೀ ಕಾವ್ಯವನ್ನು ಬಿಸುಡುವುದಿಲ್ಲ. ಟ್ರೈಪನ ಮೋಡಗಳು ಪ್ರಕ್ಷಿಪ್ತಗಳು; ಕೆಳಗಿನ ಗೋಪುರವು ಮೂಲಪಾಠ. ಈ ವಿವೇಕವಿಲ್ಲದೆ ಛಾಯಾಚಿತ್ರವನ್ನು ಕಣ್ಣುಮುಚ್ಚಿ ನಂಬುವುದೂ ತಪ್ಪು, ಯಂತ್ರದ ಆಟವೆಂದು ತಳ್ಳಿಹಾಕುವುದೂ ತಪ್ಪು.

1856ರಲ್ಲಿ ಟ್ರೈಪನು ಮದರಾಸು ಸರಕಾರದ ಛಾಯಾಚಿತ್ರಕಾರನಾಗಿ ನೇಮಕಗೊಂಡನು. 1857ರ ಡಿಸೆಂಬರಿನಿಂದ ಕೆಲವು ತಿಂಗಳ ಕಾಲ ಎತ್ತಿನ ಗಾಡಿಗಳಲ್ಲಿ ಸಾಮಗ್ರಿಗಳನ್ನು ಹೇರಿಕೊಂಡು ಶ್ರೀರಂಗ, ತಿರುಚಿರಾಪಳ್ಳಿ, ಮಧುರೆ, ಪುದುಕ್ಕೋಟೆ, ತಂಜಾವೂರುಗಳಲ್ಲಿ ಸಂಚರಿಸಿದನು. ತಂಜಾವೂರಿನ ಬೃಹದೀಶ್ವರಾಲಯದಲ್ಲಿ ಅವನು ಕೈಗೊಂಡ ಒಂದು ಕಾರ್ಯವು ನಮ್ಮ ವಿಷಯಕ್ಕೆ ಮುಖ್ಯವಾದುದು. ದೇವಾಲಯದ ಅಧಿಷ್ಠಾನದ ಮೇಲೆ ಸಾಲುಸಾಲಾಗಿ ಹರಿದಿರುವ ಶಾಸನವನ್ನು ತುಂಡುತುಂಡಾಗಿ ತೆಗೆದು, 21 ಪ್ರತಿಗಳನ್ನು ಜೋಡಿಸಿ, ಸುಮಾರು 19 ಅಡಿ ಉದ್ದದ ಒಂದು ಸುರುಳಿಯನ್ನು 1858ರಲ್ಲಿ ಸಿದ್ಧಗೊಳಿಸಿದನು. ದೃಶ್ಯಕ್ಕಾಗಿ ಅಲೆಯುವ ಯಾತ್ರಿಕನು ಇಲ್ಲಿ ಅಕ್ಷರಕ್ಕಾಗಿ ನಿಂತಿದ್ದಾನೆ. ಓದುಗನೊಬ್ಬನು ಕಲ್ಲಿನ ಮುಂದೆ ನಿಲ್ಲದೆಯೇ ಕಲ್ಲನ್ನು ಓದಬಹುದೆಂಬ ಭಾವನೆಯು ಈ ಸುರುಳಿಯಲ್ಲಿ ರೂಪುಗೊಂಡಿತು.

ಆದರೆ ಅವನ ಉದ್ಯೋಗವು ಬಹುಕಾಲ ನಡೆಯಲಿಲ್ಲ. 1857ರ ದಂಗೆಯ ಬಳಿಕ ಸರಕಾರದ ಬೊಕ್ಕಸವು ಬರಿದಾಗಿತ್ತು. 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಈ ಚಿತ್ರಶಾಖೆಯನ್ನು ಸರಕಾರದ ಸ್ಥಿತಿಗೆ ಒಪ್ಪದ ಭೋಗವಸ್ತುವೆಂದು ಎಣಿಸಿ ನಿಲ್ಲಿಸಿಬಿಟ್ಟನು. ಟ್ರೈಪನು ಆಮೇಲೆ ಸೈನ್ಯದಲ್ಲಿ ಮುಂದುವರಿದರೂ ಛಾಯಾಚಿತ್ರಣವನ್ನು ಬಹುಮಟ್ಟಿಗೆ ತೊರೆದನು. 1902ರಲ್ಲಿ ಹುಟ್ಟೂರಿನಲ್ಲಿಯೇ ತೀರಿಕೊಂಡನು. ಅವನ ಚಿತ್ರಗಳ ದೊಡ್ಡ ಪ್ರದರ್ಶನವು ವಾಷಿಂಗ್‌ಟನ್, ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ನಡೆದದ್ದು 2014 ಮತ್ತು 2015ರಲ್ಲಿ. ಭೋಗವಸ್ತುವೆಂದು ಕೈಬಿಟ್ಟದ್ದು ಪ್ರಮಾಣವಸ್ತುವೆಂದು ಮನ್ನಣೆ ಪಡೆಯಲು ಒಂದೂವರೆ ಶತಮಾನ ಬೇಕಾಯಿತು.

ಚಿತ್ರವು ಕಟ್ಟಡದ ಚರಿತ್ರೆಗೆ ಹೇಗೆ ಪ್ರಮಾಣವಾಗುವುದೆಂಬುದಕ್ಕೆ ಹಂಪೆಯಿಂದ ಒಂದು ನಿದರ್ಶನವನ್ನು ಕೊಡಬಹುದು. ಟ್ರೈಪನ ಸಮಕಾಲೀನನೂ ಸೈನ್ಯಾಧಿಕಾರಿಯೂ ಆಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ಮೇಣ ಹಚ್ಚಿದ ಕಾಗದದ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ವಿಠಲ ದೇವಾಲಯದ ಕಲ್ಲಿನ ರಥದ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿರುವುದು ಸ್ಪಷ್ಟವಾಗಿದೆ. ಇಂದು ಆ ಶಿಖರವಿಲ್ಲ. ನಾವು ಪಠ್ಯಪುಸ್ತಕಗಳಲ್ಲಿಯೂ ನೋಟಿನ ಮೇಲೆಯೂ ಕಾಣುವ ಬೋಳುನೆತ್ತಿಯ ರಥವು ವಿಜಯನಗರದವರು ಕಟ್ಟಿ ಪೂರೈಸಿದ ರೂಪವಲ್ಲವೆಂಬುದಕ್ಕೆ ಈ ಕಾಗದದ ಹಾಳೆಯಂಥ ಸಾಕ್ಷಿ ಬೇರೊಂದಿಲ್ಲ.

ಶಾಸನಗಳ ವಿಷಯದಲ್ಲಿ ಈ ಉಪಕಾರವು ಇನ್ನೂ ಹಿರಿದು. ಬೌರಿಂಗನು ಮೈಸೂರಿನ ಕಮಿಷನರನಾಗಿದ್ದ ಕಾಲದಲ್ಲಿ, 1865ರಲ್ಲಿ, ಮದರಾಸು ಪದಾತಿದಳದ ಮೇಜರ್ ಡಿಕ್ಸನ್ನನು ಮೈಸೂರು ಸೀಮೆಯಲ್ಲಿ ಸಂಚರಿಸಿ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ತಮ್ಮದಾಗಿಸಿಕೊಂಡಿದ್ದ ಬಿ. ಎಲ್. ರೈಸ್ ಅವರು ಈ ಚಿತ್ರಗಳನ್ನು ಓದಿ ಭಾಷಾಂತರಿಸಿ 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ‘ಎಪಿಗ್ರಾಫಿಯ ಕರ್ನಾಟಿಕ’ದ ಮಹಾಕಾರ್ಯಕ್ಕೆ ಇದೇ ಪೀಠಿಕೆ. ಕನ್ನಡ ಛಂದಸ್ಸು, ವ್ಯಾಕರಣ, ಕವಿಕಾಲನಿರ್ಣಯ ಮೊದಲಾದವುಗಳಿಗೆ ಶಾಸನಗಳನ್ನು ಆಶ್ರಯಿಸುವ ನಾವೆಲ್ಲರೂ ಒಂದು ದೃಷ್ಟಿಯಲ್ಲಿ ಡಿಕ್ಸನ್ನನ ಪೆಟ್ಟಿಗೆಗೆ ಋಣಿಗಳು.

ಆದರೂ ಛಾಯಾಚಿತ್ರಕ್ಕೆ ಒಂದು ಮಿತಿಯುಂಟು. ಕಲ್ಲಿನಲ್ಲಿ ತೋಡಿದ ಅಕ್ಷರವು ಕಾಣುವುದು ನೆರಳಿನಿಂದ. ಬೆಳಕು ಓರೆಯಾಗಿ ಬಿದ್ದರೆ ಗೆರೆ ಎದ್ದು ತೋರುವುದು. ನೇರವಾಗಿ ಬಿದ್ದರೆ ಅಡಗುವುದು. ಒಂದು ಚಿತ್ರವು ಒಂದು ಗಳಿಗೆಯ ಬೆಳಕನ್ನಷ್ಟೇ ಹಿಡಿಯಬಲ್ಲುದು. ಬಿರುಕು ಅಕ್ಷರದಂತೆಯೂ ಅಕ್ಷರವು ಬಿರುಕಿನಂತೆಯೂ ತೋರುವ ಸಂಭವವಿದೆ. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿಯನ್ನು ಒತ್ತಿ ಪಡೆಯುವ ಪಡಿಯಚ್ಚು ಶಾಸನಶಾಸ್ತ್ರದಲ್ಲಿ ನೆಲೆಗೊಂಡದ್ದು ಈ ಕಾರಣದಿಂದಲೇ.

ಈ ಮಿತಿಯನ್ನು ದಾಟುವ ಪ್ರಯತ್ನವು ಬೆಂಗಳೂರಿನಲ್ಲಿಯೇ ನಡೆದಿದೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ನಗರದ ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುವ ಕಾರ್ಯವನ್ನು ಕೈಗೊಂಡಿತು. ಇಲ್ಲಿ ಕಲ್ಲಿನ ಉಬ್ಬುತಗ್ಗುಗಳೇ ಅಳತೆಯಾಗಿ ದಾಖಲಾಗುವುದರಿಂದ, ಬೆಳಕನ್ನು ಬೇಕಾದ ದಿಕ್ಕಿನಿಂದ ಬೀಳಿಸಿ ಅಕ್ಷರವನ್ನು ಪರೀಕ್ಷಿಸಬಹುದು. ಟ್ರೈಪನು ಸೂರ್ಯನಿಗಾಗಿ ಕಾಯುತ್ತಿದ್ದನು. ಇಂದಿನ ಸಂಶೋಧಕನಿಗೆ ಸೂರ್ಯನು ಕೈವಶನಾಗಿದ್ದಾನೆ.

ಇದರ ಅಗತ್ಯವೆಷ್ಟೆಂಬುದನ್ನು ನಗರದ ಉತ್ತರಭಾಗವೇ ಸಾರುತ್ತದೆ. ಯಲಹಂಕನಾಡಿನ ಪ್ರಭುಗಳ ಸೀಮೆಯಾಗಿದ್ದ ಈ ಪ್ರದೇಶದ ಕೆರೆಯಂಗಳ, ಗೋಮಾಳ, ಊರಬಾಗಿಲುಗಳಲ್ಲಿ ನಿಂತಿದ್ದ ಎಷ್ಟೋ ಕಲ್ಲುಗಳು ರಸ್ತೆ ಮನೆಗಳ ತಳಪಾಯದಲ್ಲಿ ಸೇರಿಹೋದುವು. ರೈಸ್ ಅವರ ಬೆಂಗಳೂರು ಜಿಲ್ಲೆಯ ಸಂಪುಟವು 1905ರಲ್ಲಿ ಹೊರಬಂದಿತು. ಅದರಲ್ಲಿ ದಾಖಲಾದ ಶಾಸನಗಳಲ್ಲಿ ಅನೇಕವು ಇಂದು ಸ್ಥಳದಲ್ಲಿ ದೊರೆಯುವುದಿಲ್ಲ. ಪ್ರತಿಯಾಗಿ, ಅದರಲ್ಲಿ ಸೇರದಿದ್ದ ಒಂದು ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಮಣ್ಣಿನಿಂದ ಹೊರಬಿದ್ದಿತು. ಸುಮಾರು ಕ್ರಿ. ಶ. 750ರ, ಗಂಗ ಶ್ರೀಪುರುಷನ ಕಾಲದ ಆ ಕಲ್ಲು ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನನ್ನು ಹೆಸರಿಸುತ್ತದೆ. ಹೆಬ್ಬಾಳದ ಪ್ರಾಚೀನ ರೂಪವಾದ ಪೆರ್ಬೊಳಲ್ ಎಂಬ ಹೆಸರನ್ನೂ ಕಾಪಾಡಿಕೊಟ್ಟಿದೆ. ಒಂದು ಕಲ್ಲು ಸಿಕ್ಕಿದುದರಿಂದ ಒಂದು ಊರಿನ ವಯಸ್ಸು ಸ್ಥಿರಪಟ್ಟಿತು. ಸಿಗದೆ ಹೋದ ಕಲ್ಲುಗಳು ಎಷ್ಟು ಊರುಗಳ ನೆನಪನ್ನು ಕೊಂಡೊಯ್ದುವೋ ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರಿಲ್ಲ.

ಆದಕಾರಣ ಕನ್ನಡ ನಾಡಿನ ಹಳೆಯ ಯಾತ್ರಾಚಿತ್ರಗಳನ್ನು ಕ್ರಮವಾಗಿ ಸಂಪಾದಿಸುವುದು ಸಂಶೋಧಕರ ಕರ್ತವ್ಯವಾಗಿದೆ. ಚಿತ್ರಕಾರನು ಯಾರು, ತೆಗೆದ ಕಾಲ ಯಾವುದು, ಮಾಡಿಸಿದವರ ಉದ್ದೇಶವೇನು, ಕುಂಚದ ತಿದ್ದುಪಡಿ ಎಲ್ಲಿದೆ, ಅದೇ ನೆಗೆಟಿವಿನ ಬೇರೆ ಪ್ರತಿಗಳು ಎಲ್ಲಿವೆ ಎಂಬಿವನ್ನು ಪಾಠಾಂತರಗಳಂತೆಯೇ ಗುರುತಿಸಬೇಕು. ಬಳಿಕ ಚಿತ್ರವನ್ನು ಸ್ಥಳಕ್ಕೆ ಕೊಂಡೊಯ್ದು ಇರುವುದನ್ನೂ ಇಲ್ಲದಿರುವುದನ್ನೂ ಹೋಲಿಸಬೇಕು. ಸಾಹಿತ್ಯದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಪಾಠಪರಿಷ್ಕರಣವನ್ನು ಬೋಧಿಸುವಾಗ ಒಂದು ಹಳೆಯ ಛಾಯಾಚಿತ್ರವನ್ನೂ ಅವರ ಮುಂದೆ ಇಟ್ಟರೆ, ಯಾವುದು ಮೋಡ, ಯಾವುದು ಗೋಪುರ ಎಂದು ಬಗೆದು ನೋಡುವ ಅಭ್ಯಾಸವು ಅವರಲ್ಲಿ ಎಳವೆಯಿಂದಲೇ ಬೆಳೆದೀತು.