ನಿಯಮಗಿರಿಯ ಪಲ್ಲಿಸಭೆಗಳು

ಒಡಿಶಾ ರಾಜ್ಯದ ರಾಯಗಡ, ಕಾಲಾಹಂಡಿ ಜಿಲ್ಲೆಗಳಲ್ಲಿ ಹಬ್ಬಿರುವ ನಿಯಮಗಿರಿಯು ಡೋಂಗ್ರಿಯಾ ಕೊಂಧರ ನೆಲೆ. ಇವರಾಡುವ ಕುವಿಯು ದ್ರಾವಿಡ ವರ್ಗದ ನುಡಿಯಾದುದರಿಂದ ಕನ್ನಡಕ್ಕೂ ದೂರದ ನಂಟಿನದು. ಗಿರಿಯ ನೆತ್ತಿಯಲ್ಲಿ ನಿಯಮರಾಜನೆಂಬ ದೈವವು ನೆಲಸಿರುವುದೆಂಬುದು ಇವರ ಶ್ರದ್ಧೆ. ಅದೇ ನೆತ್ತಿಯಲ್ಲಿ ಬಾಕ್ಸೈಟ್ ಅದಿರೂ ಉಂಟು. ಅದನ್ನು ಅಗೆದು ತಪ್ಪಲಿನ ಲಾಂಜಿಗಡದಲ್ಲಿರುವ ವೇದಾಂತ ಸಂಸ್ಥೆಯ ಕಾರ್ಖಾನೆಗೆ ಒದಗಿಸಬೇಕೆಂಬುದು ರಾಜ್ಯದ ಗಣಿ ನಿಗಮದ ಯೋಜನೆಯಾಗಿದ್ದಿತು.

2013ನೆಯ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯವು, ಗಿರಿಜನರ ಅರಣ್ಯಹಕ್ಕುಗಳನ್ನೂ ಆರಾಧನೆಯ ಹಕ್ಕನ್ನೂ ಗ್ರಾಮಸಭೆಗಳೇ ವಿಚಾರಮಾಡತಕ್ಕುದೆಂದು ವಿಧಿಸಿತು. ಇಲ್ಲಿ ಗ್ರಾಮಸಭೆಯನ್ನು ಪಂಚಾಯಿತಿಯೊಡನೆ ಬೆರಸಲಾಗದು. ಪಂಚಾಯಿತಿಯು ಚುನಾಯಿತರಾದ ಕೆಲವರ ಕೂಟ. 2006ರ ಅರಣ್ಯಹಕ್ಕು ಶಾಸನದ ಗ್ರಾಮಸಭೆಯಾದರೋ ಊರಿನ ವಯಸ್ಕರೆಲ್ಲರ ಸಭೆ. ಒಡಿಶಾದಲ್ಲಿ ಅದಕ್ಕೆ ಪಲ್ಲಿಸಭೆಯೆಂದು ಹೆಸರು. ಈ ಪ್ರಕರಣವನ್ನು ಪರಿಸರರಕ್ಷಣೆಯ ಕಥೆಯೆಂದಷ್ಟೆ ಹೇಳುವವರು ಈ ಭೇದವನ್ನು ಗಮನಿಸಿದಂತೆ ತೋರುವುದಿಲ್ಲ. ಪ್ರತಿನಿಧಿಗಳ ಒಪ್ಪಿಗೆ ಇಲ್ಲಿ ಸಾಲದಾಗಿದ್ದಿತು. ಊರೇ ನೆರೆದು ನುಡಿಯಬೇಕಾಗಿದ್ದಿತು.

ಬೆಟ್ಟದಲ್ಲಿ ನೂರಕ್ಕೂ ಮೇಲ್ಪಟ್ಟು ಹಳ್ಳಿಗಳಿದ್ದರೂ ರಾಜ್ಯಸರ್ಕಾರವು ಹನ್ನೆರಡನ್ನು ಮಾತ್ರ ಆಯ್ದಿತು. ಇದಕ್ಕೆ ಕೇಂದ್ರದ ಗಿರಿಜನ ವ್ಯವಹಾರಗಳ ಮಂತ್ರಾಲಯವೇ ಆಕ್ಷೇಪವೆತ್ತಿತು. ಆದರೇನು, ಜುಲೈ 18ರಿಂದ ಆಗಸ್ಟ್ 19ರವರೆಗೆ, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯ ಸಮಕ್ಷಮದಲ್ಲಿ ಕೂಡಿದ 12 ಸಭೆಗಳೂ, ಸೆರ್ಕಪಾಡಿ ಮೊದಲಾಗಿ ಜರಪಾ ಕಡೆಯಾಗಿ, ಗಣಿಯನ್ನು ನಿರಾಕರಿಸಿದುವು. ಪೂಜಾಸ್ಥಳವು ಇಷ್ಟೆಂದು ಅಳೆದು ಗುರುತಿಸುವುದನ್ನೂ ಅವರು ಒಪ್ಪಲಿಲ್ಲ. ಬೆಟ್ಟವೆಲ್ಲವೂ ದೈವದ್ದೆಂದು ಹೇಳಿದರು. ಇಡಿಯ ವಿವಾದದ ತಿರುಳು ಈ ಮಾತಿನಲ್ಲಿಯೇ ಅಡಗಿರುವುದೆಂದು ನಮ್ಮ ಅಭಿಪ್ರಾಯ.

2014ರ ಜನವರಿಯಲ್ಲಿ ಕೇಂದ್ರದ ಪರಿಸರ ಮಂತ್ರಾಲಯವು ಅನುಮತಿಯನ್ನು ಅಲ್ಲಗಳೆಯಿತು. ಸಭೆಗಳನ್ನು ಮರಳಿ ಕೂಡಿಸಬೇಕೆಂದು ಗಣಿ ನಿಗಮವು ಮಾಡಿಕೊಂಡ ಬಿನ್ನಹವನ್ನು 2016ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮನ್ನಿಸಲಿಲ್ಲ.