ತಪ್ಪಿದ ಹೆಗಲಿನ ಚರಿತ್ರೆ

ಅಗಡಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಸೀಮೆಯಲ್ಲಿ ದೀಪಾವಳಿಯೆಂದರೆ ಹೋರಿಗಳ ಹಬ್ಬವು. ಕೊಬ್ಬರಿಯ ಹಾರವನ್ನು ಹೊತ್ತು ಓಡುವ ಹೋರಿಯ ಕೊರಳಿಗೆ ಕೈಯಿಕ್ಕಿದ ತರುಣನ ತೋಳನ್ನು ಅದು ಸೆಳೆದೊಯ್ದರೆ ಹೆಗಲ ಕೀಲು ತಪ್ಪುವ ಸಂಭವವುಂಟು. ಒಮ್ಮೆ ಕೂಡಿಸಿದ ಕೀಲು ಕೆಲವರಲ್ಲಿ, ಅದರಲ್ಲಿಯೂ ತರುಣರಲ್ಲಿ, ಮೇಲಿಂದ ಮೇಲೆ ಜಾರುವದು. ಆಗ ದೋಷವನ್ನು ಕೂಡಿಸಿದವನ ಕೈಮೇಲೆ ಹೊರಿಸುವದು ಸುಲಭವು. ನಿಜವಾದ ಕಾರಣವು ತಿಳಿಯಲು ಎರಡು ಸಾವಿರ ವರ್ಷಗಳಷ್ಟು ಕಾಲ ಹಿಡಿಯಿತು.

ಕೀಲು ಕೂಡಿಸುವ ವಿದ್ಯೆಯು ಪ್ರಾಚೀನವಾದದ್ದು. ಹೆಗಲ ಸಂಧಿಯು ತಪ್ಪಿದಾಗ ಕಂಕುಳನ್ನು ಒನಕೆಯಿಂದ ಮೇಲೆತ್ತಿ, ಎಲುಬು ಸ್ವಸ್ಥಾನಕ್ಕೆ ಸೇರಿದ ಬಳಿಕ ಸ್ವಸ್ತಿಕವೆಂಬ ಕಟ್ಟನ್ನು ಕಟ್ಟಬೇಕೆಂದು ಸುಶ್ರುತಸಂಹಿತೆಯಲ್ಲಿ ವಿಧಿಯಿದೆ. ಗ್ರೀಸ ದೇಶದ ಹಿಪೊಕ್ರೆಟಿಸನ ಹೆಸರಿನ ಗ್ರಂಥಗಳಲ್ಲಿ ಕಂಕುಳಿಗೆ ಹಿಮ್ಮಡಿಯನ್ನೊತ್ತಿ ತೋಳನ್ನೆಳೆಯುವ ಕ್ರಮವುಂಟು. ಪದೇ ಪದೇ ಜಾರುವ ಹೆಗಲಿಗೆ ಕಾದ ಕಬ್ಬಿಣದ ಬರೆಯಿಕ್ಕುವ ಉಗ್ರವಾದ ಉಪಾಯವೂ ಉಂಟು. ಸುಟ್ಟ ಭಾಗವು ಬಿಗಿದು ಎಲುಬಿನ ದಾರಿಯನ್ನು ಮುಚ್ಚುವದೆಂಬುದು ಅದರ ತರ್ಕವು.

ಆದರೆ ಕೇಡು ಇದ್ದುದು ಕೀಲಿನೊಳಗೆ. ಹೆಗಲ ಬಟ್ಟಲು ಆಳವಿಲ್ಲದ್ದು. ಅದರ ಸುತ್ತಲೂ ಇರುವ ನಾರಿನ ಅಂಚಿಗೆ ವೈದ್ಯರು ಲೇಬ್ರಮ್ ಎನ್ನುವರು. ತೋಳೆಲುಬಿನ ತಲೆಯು ಮುಂದಕ್ಕೆ ಜಾರುವಾಗ ಈ ಅಂಚು ಹಲವು ವೇಳೆ ಕಿತ್ತುಹೋಗುವದು. ಒಡ್ಡು ಒಡೆದ ಹೊಲದಲ್ಲಿ ನೀರು ನಿಲ್ಲದಂತೆ, ಅಂಚು ಹರಿದ ಬಟ್ಟಲಿನಲ್ಲಿ ಎಲುಬು ನಿಲ್ಲದು. ಜರ್ಮನಿಯ ಪೆರ್ಥೆಸನು 1906 ರಲ್ಲಿಯೂ ಲಂಡನ್ನಿನ ಬ್ಯಾಂಕಾರ್ಟನೆಂಬ ಶಸ್ತ್ರವೈದ್ಯನು 1923 ರಲ್ಲಿಯೂ ಇದನ್ನು ವಿವರಿಸಿದರು. ಹೆಗಲನ್ನು ಕೊಯ್ದು ತೆರೆದು, ಕಿತ್ತ ಅಂಚನ್ನು ಮರಳಿ ಎಲುಬಿಗೆ ಕೂಡಿಸುವ ಚಿಕಿತ್ಸೆಗೆ ಬ್ಯಾಂಕಾರ್ಟನ ಹೆಸರೇ ನಿಂತಿತು.

ಆ ದೊಡ್ಡ ಗಾಯವನ್ನು ಕಿರಿದುಮಾಡಿದ ಸಾಧನವು ಜಪಾನಿನಲ್ಲಿ ಬೆಳೆಯಿತು. ತೋಕಿಯೋದ ಕೆಂಜಿ ತಕಾಗಿಯು 1918 ರಲ್ಲಿ ಮೂತ್ರಕೋಶವನ್ನು ನೋಡುವ ನಳಿಗೆಯಿಂದ ಶವವೊಂದರ ಮೊಣಕಾಲ ಕೀಲಿನೊಳಗನ್ನು ಕಂಡನು. ಅವನ ಶಿಷ್ಯನಾದ ಮಸಾಕಿ ವಾತನಾಬೆಯು 1950 ರ ದಶಕದಲ್ಲಿ ಆ ನಳಿಗೆಯನ್ನು ಸುಧಾರಿಸಿದನು. 1980 ರ ದಶಕದಲ್ಲಿ ಹೆಗಲ ಅಂಚನ್ನು ಕೂಡಿಸುವದಕ್ಕೂ ಅದರ ನೆರವು ದೊರೆಯಿತು. ಈಗ ಸಣ್ಣ ರಂಧ್ರಗಳಲ್ಲಿ ಒಂದರಿಂದ ನೋಡುತ್ತ, ಉಳಿದವುಗಳಿಂದ ಉಪಕರಣಗಳನ್ನಿಳಿಸಿ, ಬಟ್ಟಲಿನ ಅಂಚಿಗೆ ದಾರ ಕಟ್ಟಿದ ಚಿಕ್ಕ ಗೂಟಗಳನ್ನು ನೆಟ್ಟು, ಹರಿದ ಭಾಗವನ್ನು ಬಿಗಿಯುವರು.

ಎಲ್ಲ ಹೆಗಲುಗಳಿಗೂ ಶಸ್ತ್ರವು ಬೇಕಿಲ್ಲ. ವ್ಯಾಯಾಮದಿಂದಲೇ ನೆಟ್ಟಗಾಗುವವೂ ಉಂಟು. ಶಸ್ತ್ರವಾದವರಿಗಾದರೂ ಕೆಲವು ವಾರ ತೋಳನ್ನು ಜೋಳಿಗೆಯಲ್ಲಿಡುವದೂ, ತಿಂಗಳುಗಟ್ಟಲೆ ವ್ಯಾಯಾಮವೂ ತಪ್ಪವು. ಒನಕೆಯು ಮೂಲೆಗೆ ಸರಿಯಿತು. ಕಟ್ಟು ಮಾತ್ರ ಉಳಿಯಿತು. ಎಲುಬು ಕ್ಷಣದಲ್ಲಿ ಸ್ಥಾನಕ್ಕೆ ಬರುವದು, ಹರಿದ ಅಂಚು ತಾಳ್ಮೆಯನ್ನು ಬೇಡುವದು.